ಕಾಯುವ ನೀರಿನ ಸದ್ದು: ಗೃಹಸ್ಥರು ಅರಿತಿರಬೇಕಾದ ಕೆಲವು ಸಂಗತಿಗಳು

ಕಾರ್ತಿಕ ಮುಗಿದು ಮಾರ್ಗಶಿರ ಕಾಲಿಟ್ಟಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲು ಸೀಮೆಯಲ್ಲಿ ಬೆಳಗಿನ ಚಳಿ ಮೈ ನಡುಗಿಸತೊಡಗುತ್ತದೆ. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ಮೀರಿ ಸುಡುವ ಇದೇ ನೆಲದಲ್ಲಿ ಚಳಿಗಾಲದ ಕೆಲವು ಬೆಳಗುಗಳು ೧೦ ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಶೀತದೇಶಗಳಲ್ಲಿರುವಂತೆ ಇಡೀ ಮನೆಯನ್ನು ಬೆಚ್ಚಗಿಡುವ ಕುಲುಮೆ ನಮ್ಮಲ್ಲಿಲ್ಲ; ಅದರ ಅಗತ್ಯವೂ ಇಲ್ಲ. ನಮ್ಮ ಮನೆಗಳಲ್ಲಿ ಚಳಿಯನ್ನು ಎದುರಿಸುವ ಕೆಲಸವೆಲ್ಲ ಬಚ್ಚಲಿಗೆ ಸೇರಿದ್ದು. ನಸುಕಿನಲ್ಲಿ ಎದ್ದು, ಮಿಂದು, ಪೂಜೆಗೆ ಕೂಡುವ ಹಿರಿಯರಿರುವ ಮನೆಯಲ್ಲಂತೂ ಊರೆಲ್ಲ ಮಲಗಿರುವ ಹೊತ್ತಿಗೇ ನೀರು ಕಾಯಲು ಮೊದಲಾಗುತ್ತದೆ. ಆ ನಿಶ್ಶಬ್ದದಲ್ಲಿ ಬಚ್ಚಲಿನಿಂದ ಹೊರಡುವ ಸದ್ದುಗಳು ಮನೆಮಂದಿಗೆಲ್ಲ ಸ್ಪಷ್ಟವಾಗಿ ಕೇಳಿಸುತ್ತವೆ.

ಹಿಂದಿನವರಿಗೆ ಆ ಸದ್ದುಗಳ ಪರಿಚಯವಿತ್ತು. ಗೋಡೆಗೆ ಸೇರಿಸಿ ಕಟ್ಟಿದ ಒಲೆಯ ಮೇಲೆ ತಾಮ್ರದ ಹಂಡೆ. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ನಡುವೆ ಬೆಂಕಿಯ ಕೊಳವೆಯುಳ್ಳ ಬಂಬ. ಉರುವಲಿಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು. ಕಟ್ಟಿಗೆ ಚಟಪಟಿಸಿದರೆ ಹಸಿ ಇದೆಯೆಂದು, ಬಂಬ ಗುಡುಗುಡಿಸಿದರೆ ನೀರು ಉಕ್ಕುವ ಹೊತ್ತಾಯಿತೆಂದು ಅಜ್ಜಿ ಒಳಮನೆಯಲ್ಲಿ ಕುಳಿತೇ ಹೇಳಬಲ್ಲವಳಾಗಿದ್ದಳು. ಈಗ ಹಂಡೆ ಹೋಗಿ ಗೀಸರ್ ಬಂದಿದೆ, ಮಾಳಿಗೆಯ ಮೇಲೆ ಸೌರಶಕ್ತಿಯ ತೊಟ್ಟಿ ಬಂದಿದೆ, ಕೆಲವರ ಮನೆಗೆ ಗ್ಯಾಸ್ ಗೀಸರ್ ಕೂಡ ಬಂದಿದೆ. ಒಲೆ ಬದಲಾದಂತೆ ಅದರ ಭಾಷೆಯೂ ಬದಲಾಯಿತು. ಆ ಹೊಸ ಭಾಷೆಯನ್ನು ಮಾತ್ರ ನಮಗೆ ಯಾರೂ ಕಲಿಸಲಿಲ್ಲ. ಆದುದರಿಂದ ಕೆಲವರು ಏನೂ ಅಲ್ಲದ ಸದ್ದಿಗೆ ಹೆದರಿ ರಿಪೇರಿಯವನಿಗೆ ಹಣ ತೆರುತ್ತಾರೆ. ಇನ್ನು ಕೆಲವರು ಪ್ರಾಣಕ್ಕೇ ಕುತ್ತಾಗಬಲ್ಲ ಸದ್ದನ್ನು ಕೇಳಿಯೂ ಕೇಳದವರಂತೆ ಇದ್ದುಬಿಡುತ್ತಾರೆ. ಯಾವುದು ಯಾವುದೆಂದು ಮನೆಯ ಹೆಣ್ಣುಮಕ್ಕಳಿಗೂ ಹಿರಿಯರಿಗೂ ತಿಳಿಯುವಂತೆ ಬಿಡಿಸಿ ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನೀರು ಹಾಡುವುದೇಕೆ?

ಕಾಯುವ ನೀರಿನ ಸದ್ದಿಗೆ ಮೂಲ ಕಾರಣ ಗುಳ್ಳೆ. ಪಾತ್ರೆಯ ತಳ ಮೊದಲು ಕಾಯುತ್ತದೆ. ಮೇಲಿನ ನೀರು ಇನ್ನೂ ತಣ್ಣಗಿರುತ್ತದೆ. ತಳದಲ್ಲಿ ಹುಟ್ಟಿದ ಉಗಿಯ ಗುಳ್ಳೆ ಮೇಲೇರಲು ಹವಣಿಸಿ, ತಣ್ಣೀರಿನ ಪದರವನ್ನು ಮುಟ್ಟಿದೊಡನೆ ಕುಸಿದುಹೋಗುತ್ತದೆ. ಆ ಕುಸಿತ ಒಂದು ಸಣ್ಣ ಪೆಟ್ಟು. ಇಂಥ ಸಾವಿರಾರು ಪೆಟ್ಟುಗಳು ಒಟ್ಟುಗೂಡಿದಾಗ ನಮ್ಮ ಕಿವಿಗೆ ‘ಸುಂಯ್’ ಎಂಬ ನಾದವಾಗಿ ಕೇಳಿಸುತ್ತದೆ. ಮೇಲಿನ ನೀರೂ ಚೆನ್ನಾಗಿ ಕಾದ ಬಳಿಕ ಗುಳ್ಳೆ ಕುಸಿಯದೆ ಮೇಲಿನವರೆಗೂ ಬಂದು ಒಡೆಯುತ್ತದೆ. ಆಗ ನಾದ ಇಳಿದು ಮೆತ್ತನೆಯ ಕೊತಕೊತ ಸದ್ದು ಉಳಿಯುತ್ತದೆ. ನೀರು ಕುದಿಯುವುದಕ್ಕಿಂತ ಸ್ವಲ್ಪ ಮುಂಚೆಯೇ ಅದರ ಗದ್ದಲ ಹೆಚ್ಚು, ಕುದಿಯತೊಡಗಿದಾಗ ಕಡಿಮೆ ಎಂಬುದು ಹೀಗೆ.

ನಾನು ಓದಿದ ಮಠದ ದಾಸೋಹದ ಅಡುಗೆಮನೆಯಲ್ಲಿ ನೂರಾರು ಜನರ ಅನ್ನಕ್ಕೆ ಎಸರಿಡುತ್ತಿದ್ದ ವೃದ್ಧರೊಬ್ಬರು ದೊಡ್ಡ ಕೊಪ್ಪರಿಗೆಯ ಮುಚ್ಚಳವನ್ನು ತೆಗೆದು ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತ ಕುಳಿತಿರುವರು; ನೀರಿನ ಹಾಡು ನಿಂತಿತೆಂದರೆ ಅಕ್ಕಿ ಹಾಕಲು ನಮ್ಮನ್ನು ಕೂಗುವರು. ಭೌತಶಾಸ್ತ್ರದ ಪುಸ್ತಕವನ್ನು ಅವರು ಮುಟ್ಟಿದವರಲ್ಲ. ಗುಳ್ಳೆಯ ಕಾರಣವನ್ನು ನಾನು ಓದಿ ತಿಳಿದದ್ದು ಅನೇಕ ವರ್ಷಗಳ ತರುವಾಯ.

ಗೀಸರಿನಲ್ಲಿಯೂ ನಡೆಯುವುದು ಇದೇ. ಗುಂಡಿ ಒತ್ತಿದ ಕೆಲವು ನಿಮಿಷಗಳಲ್ಲಿ ಒಳಗಿನಿಂದ ಸಣ್ಣಗೆ ‘ಸುಂಯ್’ ಎಂದು ಕೇಳಿಸಿದರೆ ಹೆದರಬೇಕಾದುದಿಲ್ಲ; ಬಿಸಿಯಾದ ಸುರುಳಿಯ ಮೈಮೇಲೆ ಗುಳ್ಳೆ ಹುಟ್ಟಿ ಅಳಿಯುತ್ತಿವೆ, ಅಷ್ಟೆ. ನಡುವೆ ಒಮ್ಮೆ ‘ಟಕ್’ ಎಂದರೆ ಉಷ್ಣ ನಿಯಂತ್ರಕವು ವಿದ್ಯುತ್ತನ್ನು ಕಡಿದಿದೆ ಅಥವಾ ಕೂಡಿಸಿದೆ ಎಂದರ್ಥ. ಆರಿಸಿದ ಮೇಲೆ ಟಿಕ್ ಟಿಕ್ ಎನ್ನುತ್ತಿದ್ದರೆ ಅದು ಲೋಹ ತಣಿದು ಕುಗ್ಗುವ ಸದ್ದು. ಬಿಸಿಲಿಗೆ ಕಾದ ತಗಡಿನ ಛಾವಣಿ ಸಂಜೆ ಮಾಡುವ ಸದ್ದಿನಂಥದು.

ಅರಳು ಸಿಡಿದಂಥ ಸದ್ದು

ನಮ್ಮ ಸೀಮೆಯ ಮನೆಗಳಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ದೂರು ಬೇರೆಯದೇ ಆಗಿದೆ. ಗೀಸರ್ ಹೊಸದಾಗಿದ್ದಾಗ ಸುಮ್ಮನಿತ್ತು. ಒಂದೆರಡು ವರ್ಷ ಕಳೆದ ಮೇಲೆ ಪಂಚಮಿ ಹಬ್ಬಕ್ಕೆ ಜೋಳದ ಅರಳು ಹುರಿದಂತೆ ಪಟಪಟ ಸಿಡಿಯತೊಡಗಿದೆ. ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗಿದೆ. ವಿದ್ಯುತ್ ಬಿಲ್ಲೂ ಏರಿದೆ. ಈ ಮೂರೂ ಒಂದೇ ರೋಗದ ಲಕ್ಷಣಗಳು. ರೋಗದ ಮೂಲ ನೀರಿನಲ್ಲಿದೆ.

ಜಿಲ್ಲೆಯ ಬಹುಭಾಗ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ಹಾಸಿದ ಎರೆಭೂಮಿ. ತಾಳಿಕೋಟೆಯ ಸುತ್ತಮುತ್ತ ಸುಣ್ಣದ ಕಲ್ಲಿನ ಪದರಗಳೇ ಇವೆ. ನೆಲದೊಳಗೆ ಬಹುಕಾಲ ನಿಂತ ನೀರು ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಡೋಣಿ ನದಿಯ ನೀರು ಉಪ್ಪೆಂಬುದು ನಮಗೆಲ್ಲರಿಗೂ ಗೊತ್ತಿರುವ ಸಂಗತಿ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ಬಾಗೇವಾಡಿಯ ಕಡೆಯಿಂದ ಹರಿದು, ತಾಳಿಕೋಟೆಯ ಮಗ್ಗುಲಲ್ಲಿ ಸಾಗಿ ಕೃಷ್ಣೆಯನ್ನು ಕೂಡುವ ಆ ನದಿ ಜೋಳಕ್ಕೆ ಅಮೃತ. ಕುಡಿಯುವವರ ಬಾಯಿಗೆ ಮಾತ್ರ ಅಲ್ಲ. ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ೬೦೦ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಸಾಬೂನು ನೊರೆ ಬಾರದೆ ಒಡೆಯುವುದು, ಬೇಳೆ ಬೇಯದೆ ಉಳಿಯುವುದು, ಕೊಡದ ಒಳಮೈಗೆ ಬಿಳಿ ಪೊರೆ ಕಟ್ಟುವುದು ಇವುಗಳಿಂದಲೇ ಕೊಳವೆಬಾವಿಯ ನೀರು ಎಂಥದೆಂದು ಮನೆಯಾಕೆ ಅರಿಯಬಲ್ಲಳು. ಕೃಷ್ಣೆಯ ನೀರು ನಲ್ಲಿಗೆ ಬಂದ ಊರುಗಳಲ್ಲಿ ಈ ಬಾಧೆ ಸಾಮಾನ್ಯವಾಗಿ ಕಡಿಮೆ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೋನೇಟು ಕಾಯ್ದಾಗ ಒಡೆದು ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗದು. ನೀರು ಎಲ್ಲಿ ಹೆಚ್ಚು ಬಿಸಿಯೋ ಅಲ್ಲಿಯೇ, ಎಂದರೆ ಕಾಯಿಸುವ ಸುರುಳಿಯ ಮೇಲೆಯೇ, ಕಲ್ಲಾಗಿ ಕೂಡುತ್ತದೆ. ನಮ್ಮ ಪಡಸಾಲೆಗೆ ಹಾಸಿದ ಸುಣ್ಣಕಲ್ಲಿನ ಫರಸಿಯೂ ಗೀಸರಿನ ಸುರುಳಿಗೆ ಮೆತ್ತಿದ ಈ ಬಿಳಿ ಕಲ್ಲೂ ಮೂಲದಲ್ಲಿ ಒಂದೇ ದ್ರವ್ಯ. ಈ ಕಲ್ಲು ಶಾಖವನ್ನು ಸುಲಭವಾಗಿ ಹಾಯಗೊಡದು. ಕಲ್ಲಿಗೂ ಸುರುಳಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದ ನೀರು ಮಿತಿಮೀರಿ ಕಾಯ್ದು ಒಮ್ಮೆಲೆ ಉಗಿಯಾಗುತ್ತದೆ. ನೀರು ಉಗಿಯಾದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು ೧೬೦೦ ಪಟ್ಟು ಜಾಗ ಬೇಡುವುದು. ಆ ಉಗಿ ಕಲ್ಲನ್ನು ಸೀಳಿಕೊಂಡು ಹೊರಬೀಳುವ ಸದ್ದೇ ಅರಳಿನ ಸದ್ದು.

ಅದನ್ನು ಕೇಳಿದ ದಿನವೇ ಗೀಸರ್ ಒಡೆದೀತೆಂದು ಭಯಪಡಬಾರದು. ಆದರೆ ವರ್ಷಗಟ್ಟಲೆ ಹಾಗೆಯೇ ಬಿಡಲೂಬಾರದು. ಶಾಖ ನೀರಿಗೆ ಹೋಗದೆ ಒಳಗೇ ಉಳಿದು ಸುರುಳಿ ಸುಟ್ಟುಹೋಗುತ್ತದೆ. ಕೆಲವೊಮ್ಮೆ ಅದರ ಕವಚ ಬಿರಿದು ವಿದ್ಯುತ್ತು ನೀರಿಗೆ ಸೋರುತ್ತದೆ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಗೀಸರನ್ನು ಕೂಡಲೇ ಮುಖ್ಯ ಸ್ವಿಚ್ಚಿನಿಂದಲೇ ಆರಿಸಬೇಕು. ಅರ್ಥಿಂಗ್ ಸರಿಯಾಗಿಲ್ಲದ ಮನೆಯಲ್ಲಿ ಈ ಎಚ್ಚರ ಇಮ್ಮಡಿ ಇರಬೇಕು.

ಪರಿಹಾರ ನಮ್ಮ ಹೊಲದಲ್ಲಿಯೇ ಬೆಳೆಯುತ್ತದೆ! ಇಂಡಿ ತಾಲೂಕು ಲಿಂಬೆಗೆ ನಾಡಿನಲ್ಲಿಯೇ ಹೆಸರಾದದ್ದು. ಲಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲ ಈ ಸುಣ್ಣವನ್ನು ಕರಗಿಸಬಲ್ಲದು. ವಿದ್ಯುತ್ ಕೆಟಲು, ಚಹದ ಪಾತ್ರೆಗಳಿಗೆ ಪೊರೆ ಕಟ್ಟಿದ್ದರೆ ಅದು ಮುಳುಗುವಷ್ಟು ನೀರಿಗೆ ನಾಲ್ಕಾರು ಲಿಂಬೆಯ ರಸ ಹಿಂಡಿ, ಬಿಸಿ ಮಾಡಿ, ಒಂದು ತಾಸು ಬಿಡಬೇಕು. ‘ಚುರ್’ ಎಂಬ ಸಣ್ಣ ಸದ್ದಿನೊಡನೆ ಗುಳ್ಳೆ ಏಳುತ್ತವೆ. ಸುಣ್ಣ ಕರಗಿ ಅಂಗಾರಾಮ್ಲ ಹೊರಹೋಗುತ್ತಿದೆಯೆಂದು ತಿಳಿಯಬೇಕು. ಕಿರಾಣಿ ಅಂಗಡಿಯಲ್ಲಿ ದೊರೆಯುವ ಲಿಂಬೆಹುಪ್ಪೂ ಅದೇ ಆಮ್ಲ. ಬಕೆಟ್ಟಿನಲ್ಲಿಡುವ ರಾಡನ್ನೂ ಹೀಗೆಯೇ ಶುಚಿ ಮಾಡಬಹುದು, ಆದರೆ ಅದನ್ನು ಸ್ವಿಚ್ಚಿನಿಂದ ಪೂರ್ತಿ ಕಿತ್ತು, ಬೇರೆ ಕಾಯಿಸಿದ ಲಿಂಬೆನೀರಿನಲ್ಲಿ ನೆನೆಯಿಟ್ಟು. ಆ ರಾಡು ಉರಿಯುತ್ತಿರುವಾಗ ನೀರು ಕಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಎಳವೆಯಲ್ಲಿಯೇ ಬಿಡಿಸಬೇಕು. ಸ್ವಿಚ್ಚು ಆರಿಸಿ, ಪಿನ್ನು ಕಿತ್ತ ಮೇಲೆಯೇ ನೀರು ಮುಟ್ಟತಕ್ಕದ್ದು.

ಗೀಸರಿಗೆ ಮಾತ್ರ ಮನೆಯವರು ಕೈ ಹಾಕುವುದು ತರವಲ್ಲ. ತಿಳಿದ ಕೆಲಸಗಾರನನ್ನು ಕರೆಸಿ, ವಿದ್ಯುತ್ ಕಡಿದು, ನೀರು ಬಸಿದು, ಸುರುಳಿಯನ್ನು ಬಿಚ್ಚಿ ತೊಳೆಯಿಸಬೇಕು. ಕೊಳವೆಬಾವಿಯ ನೀರಿರುವ ಮನೆಯಲ್ಲಿ ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಇದನ್ನು ಮಾಡಿಸುವುದು ಒಳಿತು. ಅದೇ ಸಮಯದಲ್ಲಿ ಒಳಗಿರುವ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಲು ಹೇಳಬೇಕು. ತೊಟ್ಟಿಯ ಉಕ್ಕು ಸವೆಯದಿರಲೆಂದು ತಾನೇ ಸವೆದುಹೋಗುವ ಕಡ್ಡಿ ಅದು. ಹಡಗಿನ ತಾಮ್ರದ ಹೊದಿಕೆಯನ್ನು ಉಳಿಸಲು ಇದೇ ತತ್ತ್ವವನ್ನು ಇಂಗ್ಲೆಂಡಿನ ಹಂಫ್ರಿ ಡೇವಿ ೧೮೨೪ರಲ್ಲಿ ತೋರಿಸಿಕೊಟ್ಟಿದ್ದನು. ಉಪ್ಪಿನಂಶದ ನೀರಿನಲ್ಲಿ ಕಡ್ಡಿ ಬೇಗ ಮುಗಿಯುತ್ತದೆ. ಕೆಲವರು ಅವಸರಕ್ಕೆ ಶೌಚಾಲಯ ತೊಳೆಯುವ ತೀಕ್ಷ್ಣ ಆಮ್ಲವನ್ನೇ ಸುರಿಯಿಸುವುದುಂಟು. ಅದು ಸುಣ್ಣದೊಡನೆ ಲೋಹವನ್ನೂ ತಿನ್ನುವುದು. ಅದರ ಹಬೆ ಶ್ವಾಸಕೋಶಕ್ಕೆ ಕೇಡು.

ಸೌರ ತೊಟ್ಟಿಯ ಗಾಜಿನ ಕೊಳವೆಗಳಲ್ಲಿಯೂ ಇದೇ ಸುಣ್ಣ ಕೂಡುತ್ತದೆ. ಅಲ್ಲಿ ಇನ್ನೊಂದು ಎಚ್ಚರ: ನೀರು ನಿಂತುಹೋಗಿ ಬಿಸಿಲಲ್ಲಿ ಬರಿದಾಗಿ ಕಾದ ಕೊಳವೆಗೆ ಮಧ್ಯಾಹ್ನ ಒಮ್ಮೆಲೆ ತಣ್ಣೀರು ಬಿಟ್ಟರೆ ‘ಫಟ್’ ಎಂದು ಸೀಳೀತು. ಸಂಜೆ ತಣಿದ ಮೇಲೆಯೇ ನೀರು ತುಂಬಬೇಕು.

ನಿರ್ಲಕ್ಷಿಸಬಾರದ ಸದ್ದುಗಳು

ಗೀಸರಿನ ಕವಾಟದಿಂದ ನೀರು ಕಾಯುವಾಗ ಹನಿ ತೊಟ್ಟಿಕ್ಕುತ್ತದೆಂದು ಅನೇಕರು ಬೇಸರಪಡುತ್ತಾರೆ. ೨೫ ಲೀಟರ್ ನೀರು ೨೦ ಡಿಗ್ರಿಯಿಂದ ೬೫ ಡಿಗ್ರಿಗೆ ಕಾದರೆ ಸುಮಾರು ಅರ್ಧ ಲೀಟರಿನಷ್ಟು ಹಿಗ್ಗುವುದು. ಮೇಲಿನ ತೊಟ್ಟಿಗೆ ಮರಳಲು ದಾರಿಯಿಲ್ಲದ ಕಡೆ ಆ ಹೆಚ್ಚಿನ ನೀರು ಕವಾಟದ ಮೂಲಕ ಹನಿಯಾಗಿ ಹೊರಬರಲೇಬೇಕು. ಕವಾಟವನ್ನು ಇಟ್ಟಿರುವುದೇ ಅದಕ್ಕಾಗಿ. ಬಚ್ಚಲು ಹಸಿಯಾಗುತ್ತದೆಂದು ಅದರ ಬಾಯಿಗೆ ಬಿರಡೆ ಜಡಿಯುವುದು, ಅಂಟು ಮೆತ್ತುವುದು ಎಂದರೆ ಗೋಡೆಗೆ ತೂಗಿದ ತೊಟ್ಟಿಯನ್ನು ಸಿಡಿಗುಂಡನ್ನಾಗಿ ಮಾಡಿದಂತೆ. ಈ ಮಾತನ್ನು ಉತ್ಪ್ರೇಕ್ಷೆಯೆಂದು ತಿಳಿಯಬಾರದು. ಸುರಕ್ಷಾ ಕವಾಟದ ಕಲ್ಪನೆಯೇ ಇಂಥ ಭಯದಿಂದ ಹುಟ್ಟಿತು. ಮುಚ್ಚಿದ ಪಾತ್ರೆಯಲ್ಲಿ ಉಗಿಯಿಂದ ಮೂಳೆಯನ್ನೂ ಬೇಯಿಸಿ ತೋರಿಸಿದ ಫ್ರಾನ್ಸ್ ದೇಶದ ಡೆನಿಸ್ ಪಾಪಿನ್ ೧೬೭೯ರ ತನ್ನ ಯಂತ್ರಕ್ಕೆ ಅದನ್ನು ಜೋಡಿಸಬೇಕಾಯಿತು. ನಮ್ಮ ಅಡುಗೆಮನೆಯ ಕುಕ್ಕರಿಗೆ ಅವನೇ ಮೂಲಪುರುಷ.

ಗೀಸರಿನೊಳಗೆ ಜೋರಾಗಿ ಕೊತಕೊತನೆ ಕುದಿಯುವ ಸದ್ದು, ನಲ್ಲಿ ತಿರುಗಿಸಿದರೆ ನೀರಿಗಿಂತ ಮುಂಚೆ ಬುಸುಗುಡುವ ಉಗಿ: ಇವು ಉಷ್ಣ ನಿಯಂತ್ರಕ ಕೆಟ್ಟಿದೆಯೆಂಬುದರ ಗುರುತು. ಆಗ ಮಾಡಬೇಕಾದುದು ಒಂದೇ. ಗೀಸರಿನ ಬಳಿಗೆ ಹೋಗದೆ ಹೊರಗಿನ ಮುಖ್ಯ ಸ್ವಿಚ್ಚನ್ನು ಇಳಿಸಿ, ಬಚ್ಚಲಿನಿಂದ ಎಲ್ಲರನ್ನೂ ಹೊರಗೆ ಕರೆದು, ತಾನಾಗಿ ತಣಿಯಲು ಬಿಡಬೇಕು. ಗೋಡೆಯ ಸ್ವಿಚ್ಚಿನಿಂದ ‘ಚರ್ ಚರ್’ ಎಂದು ಹುರಿದಂಥ ಸದ್ದು ಬರುವುದು ಇನ್ನೊಂದು ಅಪಾಯ. ೨೦೦೦ ವ್ಯಾಟಿನ ಗೀಸರ್ ಸುಮಾರು ೯ ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ ಅದಕ್ಕೆ ೧೬ ಆಂಪಿಯರಿನ ದಪ್ಪ ಪಿನ್ನಿನ ಜಾಗವೇ ಬೇಕು. ಟೇಬಲ್ ಫ್ಯಾನಿನ ಸಣ್ಣ ಜಾಗಕ್ಕೆ ಹೇಗೋ ತುರುಕಿದರೆ, ಸಡಿಲಾದ ಸಂದಿನಲ್ಲಿ ಕಿಡಿ ಹಾರಿ ಅದೇ ಬೆಂಕಿಗೆ ಮೊದಲಾಗುವುದು. ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಗೋಡೆಯೊಳಗಿನ ಕೊಳವೆ ‘ಢಬ್’ ಎನ್ನುವುದು ಮಾತ್ರ ಬರಿಯ ನೀರಿನ ಹೊಡೆತ; ನಲ್ಲಿಯನ್ನು ನಿಧಾನವಾಗಿ ಮುಚ್ಚಿದರೆ, ಅಲುಗುವ ಕೊಳವೆಗೆ ಹಿಡಿಕೆ ಬಿಗಿದರೆ ನಿಲ್ಲುವುದು.

ಗ್ಯಾಸ್ ಒಲೆಯ ವಿಷಯವನ್ನು ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ಎರಡು ಮಾತು ಸಾಕು. ಉರಿ ಒಳಕ್ಕೆ ಹೊಕ್ಕು ‘ಫಟ್’ ಎಂದು ಆರಿದರೆ ಬರ್ನರಿನ ತೂತು ಕಟ್ಟಿವೆ ಅಥವಾ ಅದರ ಟೋಪಿ ಸರಿಯಾಗಿ ಕೂತಿಲ್ಲ. ತೆಗೆದು ತೊಳೆದು ಒಣಗಿಸಿ ಇಡಬೇಕು. ಒಲೆ ಆರಿಸಿದ ಮೇಲೂ ನಳಿಕೆಯ ಬಳಿ ಸಣ್ಣ ‘ಸುಸ್’ ಕೇಳಿಸಿ ಗಂಧ ಬಂದರೆ ರೆಗ್ಯುಲೇಟರನ್ನು ಆರಿಸಿ, ಯಾವ ವಿದ್ಯುತ್ ಗುಂಡಿಯನ್ನೂ ಮುಟ್ಟದೆ, ಬಾಗಿಲು ಕಿಟಕಿ ತೆರೆದು ಹೊರಬಂದು ೧೯೦೬ಕ್ಕೆ ಕರೆ ಮಾಡಬೇಕು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಕುಕ್ಕರಿನ ವಿಷಯದಲ್ಲಿ ಕೂಗಿಗಿಂತ ಕೂಗದಿರುವುದೇ ಹೆಚ್ಚು ಭಯದ್ದು. ತೊಗರಿಬೇಳೆ ನೊರೆಯೆದ್ದು ಉಗಿಯ ಕಿಂಡಿ ಮುಚ್ಚಿರಬಹುದು. ಉರಿ ಆರಿಸಿ, ಪೂರ್ತಿ ತಣಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಬೇಳೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಲಾಗದು.

ಪರದೇಶದ ಮನೆಯ ಕುಲುಮೆ

ನಮ್ಮ ತಾಲೂಕುಗಳಿಂದಲೂ ಮಕ್ಕಳು ಅಮೆರಿಕ, ಕೆನಡಾಗಳಿಗೆ ಹೋಗಿ ನೆಲೆಸಿದ್ದಾರೆ. ಸೊಸೆಯ ಬಾಣಂತನಕ್ಕೋ ಮೊಮ್ಮಕ್ಕಳ ಆರೈಕೆಗೋ ಅಲ್ಲಿಗೆ ಹೋದ ತಂದೆತಾಯಿಗಳು ಮಗ ಸೊಸೆ ಕೆಲಸಕ್ಕೆ ತೆರಳಿದ ಮೇಲೆ ದಿನವಿಡೀ ಒಬ್ಬರೇ ಇರಬೇಕಾಗುತ್ತದೆ. ಹೊರಗೆ ಹಿಮ, ಒಳಗೆ ನೆಲಮಾಳಿಗೆಯಿಂದ ಬರುವ ಅಪರಿಚಿತ ಸದ್ದು. ಆ ಮನೆಗಳನ್ನು ಬೆಚ್ಚಗಿಡುವುದು ನೆಲಮಾಳಿಗೆಯಲ್ಲೋ ಒಂದು ಚಿಕ್ಕ ಕೋಣೆಯಲ್ಲೋ ಇರುವ ‘ಫರ್ನೇಸ್’ ಎಂಬ ಕುಲುಮೆ. ಅದು ಬಹುತೇಕ ಅನಿಲದಿಂದ ಉರಿದು ಗಾಳಿಯನ್ನು ಕಾಯಿಸುತ್ತದೆ. ದೊಡ್ಡ ಫ್ಯಾನು ಆ ಗಾಳಿಯನ್ನು ತಗಡಿನ ಕೊಳವೆಗಳ ಮೂಲಕ ಕೋಣೆಕೋಣೆಗೂ ನೂಕುತ್ತದೆ.

ಕುಲುಮೆ ಹೊತ್ತಿಕೊಂಡಾಗ, ಆರಿದಾಗ ತಗಡಿನ ಕೊಳವೆಗಳು ಟಿಕ್ ಟಿಕ್, ಟಣ್ ಎನ್ನುವುದು ಸಹಜ. ನಮ್ಮ ತಗಡಿನ ಛಾವಣಿಯಂತೆಯೇ ಅದೂ. ಸಿಳ್ಳು ಹಾಕಿದಂಥ ಸದ್ದಾದರೆ ಗಾಳಿ ಸೋಸುವ ಜಾಲರಿ ಧೂಳಿನಿಂದ ಕಟ್ಟಿರುವ ಸಂಭವ ಹೆಚ್ಚು. ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕಾದ ಅದನ್ನು ಮಗ ಮರೆತಿರಬೇಕು. ಕೀರಲು ಸದ್ದು ಫ್ಯಾನಿನ ಪಟ್ಟಿಯದೋ ಬೇರಿಂಗಿನದೋ ಆಗಿರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಕರಕರ ಸದ್ದು ಕೇಳಿದರೆ ಆರಿಸಿ ಮಗನಿಗೆ ತಿಳಿಸಬೇಕು. ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ಹೊತ್ತಿಕೊಳ್ಳುವಾಗಿನ ‘ಧಬ್’ ಎಂಬ ಸಿಡಿತ. ಬರ್ನರ್ ಕೊಳೆಯಾಗಿ, ಅನಿಲ ತಕ್ಷಣ ಹೊತ್ತದೆ ಒಂದೆರಡು ಕ್ಷಣ ಸಂಗ್ರಹವಾಗಿ, ಆಮೇಲೆ ಒಟ್ಟಿಗೆ ಹೊತ್ತುವುದರಿಂದ ಅದು ಆಗುತ್ತದೆ. ಅದು ಪದೇ ಪದೇ ಆದರೆ ಉರಿಯನ್ನೂ ಮನೆಯ ಗಾಳಿಯನ್ನೂ ಬೇರ್ಪಡಿಸುವ ಲೋಹದ ಗೋಡೆ ಬಿರಿಯಬಹುದು. ಬಿರಿದರೆ ಉರಿಯ ವಿಷಾನಿಲ ಮನೆಯ ಗಾಳಿಗೆ ಸೇರಬಹುದು.

ಆದುದರಿಂದಲೇ ಅಲ್ಲಿಯ ಮನೆಗಳಲ್ಲಿ ಎಚ್ಚರಿಕೆಯ ಗಂಟೆಗಳನ್ನು ಇಟ್ಟಿರುತ್ತಾರೆ. ಮೂರು ಮೂರು ಸಲ ಕೂಗಿ ನಿಂತು ಮತ್ತೆ ಕೂಗಿದರೆ ಹೊಗೆ. ನಾಲ್ಕು ನಾಲ್ಕು ಸಲ ಕೂಗಿದರೆ ವಿಷಾನಿಲ. ಎರಡರಲ್ಲಿಯೂ ಮಗುವನ್ನೆತ್ತಿಕೊಂಡು ಮನೆಯಿಂದ ಹೊರಬರಬೇಕು. ಚಳಿಯೆಂದು ಹಿಂದುಮುಂದು ನೋಡಬಾರದು. ಆಗಾಗ ಒಂದೇ ಒಂದು ‘ಚಿರ್’ ಎಂದರೆ ಬ್ಯಾಟರಿ ಮುಗಿದಿದೆ, ಅಷ್ಟೆ. ಪರದೇಶಕ್ಕೆ ಹೊರಟ ಹಿರಿಯರು ಈ ಮೂರು ವಿಷಯಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಒಳಿತು.

ಸದ್ದೇ ಇಲ್ಲದ ಅಪಾಯ

ಆ ಗಂಟೆ ಇರುವುದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕಾಗಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಇದ್ದಿಲು, ಕಟ್ಟಿಗೆ, ಅನಿಲ ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಉರಿದಾಗ ಅದು ಹುಟ್ಟುತ್ತದೆ. ರಕ್ತದ ಕೆಂಪು ದ್ರವ್ಯಕ್ಕೆ ಆಮ್ಲಜನಕಕ್ಕಿಂತ ೨೦೦ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುವುದರಿಂದ ಉಸಿರಾಡುತ್ತಿದ್ದರೂ ಮನುಷ್ಯ ಒಳಗೆ ಉಸಿರುಗಟ್ಟುತ್ತಾನೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಕೈಕಾಲು ಸೋತು ಬಾಗಿಲ ಅಗುಳಿ ತೆಗೆಯಲೂ ಆಗದ ಸ್ಥಿತಿ. ನಮ್ಮ ಮನೆಗಳಲ್ಲಿ ಆ ಗಂಟೆ ಸಾಮಾನ್ಯವಾಗಿ ಇರುವುದಿಲ್ಲ. ಆ ಅನಿಲ ಹುಟ್ಟುವ ಜಾಗಗಳು ಮಾತ್ರ ಇವೆ.

ಮೊದಲನೆಯದು ಬಚ್ಚಲೊಳಗೆ ತೂಗಿದ ಗ್ಯಾಸ್ ಗೀಸರ್. ನಮ್ಮ ರಾಜ್ಯದಲ್ಲಿ ಇದರಿಂದ ಸ್ನಾನದ ಮನೆಯಲ್ಲಿಯೇ ಪ್ರಾಣ ಹೋದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇದ್ದೇವೆ. ನಿಮಿಷಕ್ಕೆ ಆರು ಲೀಟರ್ ನೀರನ್ನು ೨೫ ಡಿಗ್ರಿಯಷ್ಟು ಏರಿಸಲು ಹತ್ತು ಕಿಲೋವ್ಯಾಟಿಗೂ ಹೆಚ್ಚಿನ ಶಾಖ ಬೇಕು. ಅಡುಗೆ ಒಲೆಯ ಒಂದು ಉರಿಗಿಂತ ಅದು ಎಷ್ಟೋ ಪಟ್ಟು ದೊಡ್ಡದು. ಹತ್ತು ನಿಮಿಷ ಉರಿದರೆ ಸುಮಾರು ಎರಡು ಘನಮೀಟರ್ ಗಾಳಿಯನ್ನು ಅದು ನುಂಗುತ್ತದೆ. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಏಳು ಘನಮೀಟರಿಗಿಂತ ಕಡಿಮೆ. ಚಳಿಯೆಂದು ಕಿಂಡಿಗೆ ಬಟ್ಟೆ ತುರುಕಿ, ಬಾಗಿಲು ಭದ್ರಪಡಿಸಿ, ಒಬ್ಬರಾದ ಮೇಲೊಬ್ಬರು ಮಿಂದರೆ ಮೂರನೆಯವರ ಪಾಲಿಗೆ ಎಂಥ ಗಾಳಿ ಉಳಿದೀತೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಯಂತ್ರ ಸದ್ದಿಲ್ಲದೆ ಚೆನ್ನಾಗಿ ಉರಿಯುತ್ತಿದೆ ಎಂಬುದು ಇಲ್ಲಿ ಧೈರ್ಯಕ್ಕೆ ಕಾರಣವಾಗಲಾರದು. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ, ಗಾಳಿಯಾಡುವ ಕಡೆಯೇ ಇರಬೇಕು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ. ಅದನ್ನು ಹೊರಗಿಡಲು ಸ್ಥಳವಿಲ್ಲದವರು ಬೇರೆ ಉಪಾಯ ನೋಡಿಕೊಳ್ಳುವುದೇ ಸರಿ. ಎಷ್ಟೇ ಅಗ್ಗವಾದರೂ ಅದನ್ನು ಒಳಗೆ ತೂಗುವುದಕ್ಕೆ ನಾನು ಒಪ್ಪಲಾರೆ.

ಎರಡನೆಯ ಜಾಗ ಬಾಣಂತಿಯ ಕೋಣೆ. ಎಣ್ಣೆನೀರಾದ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಶಿಗಡಿಯಲ್ಲಿ ಕೆಂಡವಿಟ್ಟು, ಗಾಳಿ ಸೋಕದಂತೆ ಬಾಗಿಲು ಕಿಟಕಿ ಮುಚ್ಚುವ ರೂಢಿ ನಮ್ಮ ಕಡೆ ಬಹುಕಾಲದಿಂದ ಬಂದುದು. ತಾಯಿ ಮಗುವನ್ನು ಬೆಚ್ಚಗಿಡಬೇಕೆಂಬ ಹಿರಿಯರ ಕಾಳಜಿ ದೊಡ್ಡದು. ಆದರೆ ಆ ಕಾಲದ ಮನೆಗಳಿಗೆ ಬೆಳಕಿಂಡಿಯಿತ್ತು, ಮಾಳಿಗೆಯ ಜಂತೆಗಳ ನಡುವೆ ಸಂದಿಯಿತ್ತು, ಬಾಗಿಲು ಬಿಗಿಯಾಗಿ ಕೂಡುತ್ತಿರಲಿಲ್ಲ. ಇಂದಿನ ಆರ್‌ಸಿಸಿ ಛಾವಣಿ, ಗಾಜಿನ ಕಿಟಕಿಯ ಕೋಣೆಗೆ ಅದೇ ಶಿಗಡಿಯನ್ನು ತಂದರೆ ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆಯೂ ತಪ್ಪು. ಹೊಗೆಯಾರಿ ಕೆಂಪಗೆ ನಿಗಿನಿಗಿಸುವ ಇದ್ದಿಲಿನಿಂದಲೇ ಈ ಅನಿಲ ಧಾರಾಳವಾಗಿ ಹೊರಡುವುದು. ಬಾಣಂತಿಗೆ ತಲೆ ನೋಯುತ್ತದೆ, ನಿದ್ದೆ ಒತ್ತರಿಸಿ ಬರುತ್ತದೆ ಎಂದರೆ ಹೆರಿಗೆಯ ದಣಿವೆಂದು ಮನೆಯವರು ಸುಮ್ಮನಾಗುತ್ತಾರೆ. ಎಳೆಗೂಸು ಹೇಳಿಕೊಳ್ಳಲಾರದು.

ಬೆಚ್ಚಗಿಡಲೇಬೇಕಾದರೆ ಬಾಣಂತಿ ಮೀಯುತ್ತಿರುವಾಗಲೇ ಖಾಲಿ ಕೋಣೆಯಲ್ಲಿ ಶಿಗಡಿಯಿಟ್ಟು ಕಾಯಿಸಿ, ಆಕೆ ಬರುವುದಕ್ಕೆ ಮೊದಲು ಹೊರಗೊಯ್ದು, ಬಾಗಿಲು ಕಿಟಕಿಗಳನ್ನು ಕೆಲ ಹೊತ್ತು ತೆರೆದಿಡಬೇಕು. ಕಾದ ಗೋಡೆ ನೆಲಗಳು ಸಾಕಷ್ಟು ಹೊತ್ತು ಬೆಚ್ಚಗೇ ಇರುತ್ತವೆ. ಹಾಸಿಗೆಗೆ ಬಿಸಿನೀರಿನ ರಬ್ಬರ್ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮಗುವಿನ ಮೈಗೆ ತಾಗದಂತೆ ಇಟ್ಟು, ಮಲಗಿಸುವ ಮುಂಚೆ ತೆಗೆದರಾಯಿತು. ಕೆಂಡವಿದ್ದ ಕೋಣೆಯಲ್ಲಾಗಲಿ ಬಚ್ಚಲಿನಲ್ಲಾಗಲಿ ಯಾರಾದರೂ ಮಂಕಾಗಿ ಬಿದ್ದುದು ಕಂಡರೆ ಬಾಗಿಲನ್ನು ಪೂರ್ತಿ ತೆರೆದು, ಅವರನ್ನು ಹೊರಗಿನ ಗಾಳಿಗೆ ಎಳೆದು ತಂದು, ೧೦೮ಕ್ಕೆ ಕರೆ ಮಾಡಬೇಕು. ತುಸು ಚೇತರಿಸಿಕೊಂಡರೆಂದು ಮನೆಯಲ್ಲಿಯೇ ಮಲಗಿಸದೆ ಆಸ್ಪತ್ರೆಗೆ ಒಯ್ಯಬೇಕು. 'ಮುಚ್ಚಿದ ಕೋಣೆಯಲ್ಲಿ ಕೆಂಡವಿತ್ತು' ಅಥವಾ 'ಗ್ಯಾಸ್ ಗೀಸರ್ ಇತ್ತು' ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಅದಕ್ಕೆ ಕೊಡಬೇಕಾದ ಮೊದಲ ಚಿಕಿತ್ಸೆ ಆಮ್ಲಜನಕ.